ಮೇಲ್ಮಹಡಿಗೆ ಹೋಗುತ್ತಿದ್ದ ಬಿಸಿ

ಚಳಿಗಾಲ ಬಂತೆಂದರೆ ಹೊಲಿಗೆಯವಳ ಬೆರಳುಗಳು ಅವಳ ಮಾತು ಕೇಳುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸಬೇಕಾದರೆ ಎರಡು ಸಲ ಕೈಗೆ ಊದಿಕೊಳ್ಳಬೇಕು. ಹೀಟರ್ ದಿನವಿಡೀ ಉರಿಯುತ್ತಿತ್ತು. ಕರೆಂಟ್ ಬಿಲ್ ಬಂದ ದಿನ ಅವಳ ಗಂಡ ಅದನ್ನು ಎರಡೂ ಕೈಯಲ್ಲಿ ಹಿಡಿದು, ಯಾರದೋ ಸಾವಿನ ಸುದ್ದಿ ಓದುವವನ ಹಾಗೆ ಓದುತ್ತಿದ್ದ.

ಆ ವರ್ಷ ಅವಳು ಹಟ ಹಿಡಿದಳು. ಹಳೆಯ ಪ್ಯಾಂಟುಗಳ ಕಾಲು ಕತ್ತರಿಸಿ, ಮರದ ಹೊಟ್ಟು ತುಂಬಿ, ಬಾಗಿಲ ಕೆಳಗಿನ ಸಂದಿಗೆ ಉದ್ದನೆಯ ದಿಂಬು ಹೊಲಿದಳು. ಪರದೆಗಳಿಗೆ ಕಂಬಳಿಯ ಒಳಪದರ ಕೊಟ್ಟಳು. ಬಿಸಿಲಿದ್ದಾಗ ಅವನ್ನು ಸರಿಸುವುದು, ಹೊತ್ತಿಳಿಯುವ ಮೊದಲೇ ಎಳೆಯುವುದು. ಮುಚ್ಚಳವಿಲ್ಲದೆ ನೀರು ಕಾಯಿಸಿದರೆ ಗಂಡನಿಗೂ ಬೈಗುಳ ತಪ್ಪುತ್ತಿರಲಿಲ್ಲ. "ಇವಳ ಕಣ್ಣು ತಪ್ಪಿಸಿ ಲೈಟ್ ಹಾಕೋದು ಅಂದ್ರೆ ಕದ್ದು ಸಿಗರೇಟ್ ಸೇದಿದ ಹಾಗೆ" ಎಂದು ಅವನು ತಾನು ಕೆಲಸ ಮಾಡುವ ಟೈರ್ ಅಂಗಡಿಯಲ್ಲಿ ಹೇಳಿ ನಗಿಸುತ್ತಿದ್ದ.

ಇಷ್ಟಾದರೂ ಕೋಣೆ ಬೆಚ್ಚಗಾಗಲಿಲ್ಲ. ಒಂದು ದಿನ ಸ್ಟೂಲ್ ಹತ್ತಿ ಪರದೆಯ ಕಂಬಿ ಸರಿಮಾಡುವಾಗ ಅವಳಿಗೆ ಸಂಗತಿ ಹೊಳೆಯಿತು. ಬಿಸಿಯೆಲ್ಲ ಅಲ್ಲೇ ಇತ್ತು, ತಲೆಯ ಮೇಲೆ. ಚಾವಣಿಯ ಹಲಗೆಗೆ ಅಂಗೈ ಇಟ್ಟರೆ ಹಿತವಾಗಿತ್ತು. ಹಲಗೆಯ ಮೇಲೆ ತೊಲೆಗಳು, ತೊಲೆಗಳ ನಡುವೆ ಬರೀ ಗಾಳಿ, ಅದರ ಮೇಲೆ ಮಹಡಿಯ ಮರದ ನೆಲ. ಆ ನೆಲದ ಮೇಲೆ ಭಾವ.

ಭಾವ ಎಂದರೆ ಗಂಡನ ಅಣ್ಣ, ಉಗ್ರಾಣದಲ್ಲಿ ಮೂಟೆ ಇಳಿಸುವವನು. ಬೀದಿಯವರು ಅಣ್ಣತಮ್ಮಂದಿರನ್ನು ದೊಡ್ಡೋನು, ಚಿಕ್ಕೋನು ಎನ್ನುತ್ತಿದ್ದರು, ಚಿಕ್ಕೋನು ಅಣ್ಣನಿಗಿಂತ ಒಂದು ಗೇಣು ಎತ್ತರವಿದ್ದರೂ. ತಂದೆ ಸತ್ತ ಮೇಲೆ ತಮ್ಮನನ್ನು ಸಾಕಿದ್ದು ದೊಡ್ಡೋನೇ. ಸಾಕಿದ್ದು ಬೆಲ್ಟಿನಿಂದ. ಗಂಡನ ಬೆನ್ನಿನ ಮೇಲೆ ಬಕಲ್ ಬಿದ್ದ ಜಾಗ ಈಗಲೂ ಕೈಗೆ ಸಿಗುತ್ತಿತ್ತು.

ದೊಡ್ಡೋನು ಮೂರು ಚಳಿಗಾಲದಿಂದ ಹೀಟರ್ ಹಾಕಿರಲಿಲ್ಲ. "ನಮಗೆ ಚಳೀನೇ ಆಗಲ್ಲಪ್ಪ, ಮೈಯಲ್ಲಿ ರಕ್ತ ಇರಬೇಕು" ಎಂದು ಬನಿಯನ್ನಿನಲ್ಲಿ ಮೆಟ್ಟಿಲ ಮೇಲೆ ನಿಂತು ಕೊಚ್ಚಿಕೊಳ್ಳುತ್ತಿದ್ದ. ಆ ರಕ್ತ ಕಾಯುತ್ತಿದ್ದದ್ದು ಯಾರ ಹೀಟರಿನಿಂದ ಎಂದು ಈಗ ಹೊಲಿಗೆಯವಳಿಗೆ ತಿಳಿಯಿತು.

ಅವಳು ಕರೆಸಿದ ಕೆಲಸದವನೊಬ್ಬ ಬಂದು ಹಲಗೆ ಬಿಚ್ಚಿ, ತೊಲೆಗಳ ನಡುವೆ ಬಿಸಿ ತಡೆಯುವ ಹಳದಿ ಗ್ಲಾಸ್ ವುಲ್, ಅಂದರೆ ಗಾಜಿನೆಳೆಯ ಉಣ್ಣೆಯ ಸುರುಳಿಗಳನ್ನು ಒತ್ತಿ ತುಂಬಿ, ಮತ್ತೆ ಮುಚ್ಚಿದ. ಎರಡು ದಿನ ಎಲ್ಲರ ಮೈಯೂ ತುರಿಸಿತು. ಮೂರನೆಯ ದಿನ ಕೋಣೆ ಬೆಚ್ಚಗಾಯಿತು. ಮಧ್ಯಾಹ್ನ ಹೀಟರ್ ಆರಿಸಿದರೂ ಸಂಜೆಯವರೆಗೆ ಬಿಸಿ ನಿಂತಿತು. ಅವಳು ಶಾಲು ತೆಗೆದಿಟ್ಟು ಹೊಲಿಯಲು ಕೂತಳು.

ಐದನೆಯ ದಿನ ದೊಡ್ಡೋನು ಬಾಗಿಲು ಒದ್ದುಕೊಂಡೇ ಒಳಗೆ ಬಂದ. ಮೈಮೇಲೆ ಎರಡು ಕೋಟುಗಳಿದ್ದವು.

"ಏನೋ ತುಂಬಿಸಿದೀಯ ಮೇಲೆ?" ಎಂದು ತಮ್ಮನ ಮೇಲೆ ಎಗರಿದ.

"ನಮ್ಮ ಚಾವಣಿಗೆ ನಾವು ಏನಾದ್ರೂ ಮಾಡ್ಕೋತೀವಿ ಅಣ್ಣ. ನೀವೂ ಹೀಟರ್ ಹಾಕ್ಕೊಳ್ಳಿ."

ಏಟು ಎಷ್ಟು ಬೇಗ ಬಿತ್ತೆಂದರೆ, ಗಂಡನ ತಲೆ ಗೋಡೆಗೆ ಬಡಿದ ಸದ್ದೇ ಅವಳಿಗೆ ಮೊದಲು ಕೇಳಿದ್ದು. "ಅಪ್ಪನ ಮನೆ ಇದು! ಬಿಸೀನೂ ಅಪ್ಪಂದೇ!" ದೊಡ್ಡೋನು ಇನ್ನೆರಡು ಬಿಗಿದ. ಗಂಡ ಕೈ ಎತ್ತಲಿಲ್ಲ. ನಲವತ್ತು ದಾಟಿದ ಗಂಡಸು, ಬೈಯಿಸಿಕೊಂಡ ಶಾಲೆಯ ಹುಡುಗನ ಹಾಗೆ ನೆಲ ನೋಡುತ್ತ ನಿಂತಿದ್ದ. ಅವಳ ಮೈ ಉರಿದುಹೋಯಿತು.

ಅಂದಿನಿಂದ ಮೇಲಿನಿಂದ ದಾಳಿ ಶುರುವಾಯಿತು. ದೊಡ್ಡೋನು ಮೂಟೆ ಎಸೆಯುತ್ತಿದ್ದ, ಕಬ್ಬಿಣದ ಗುಂಡು ಉರುಳಿಸುತ್ತಿದ್ದ. ಅವಳು ಹೊಲಿಯುತ್ತಿದ್ದ ಬಿಳಿ ಕೋಟಿನ ಮೇಲೆ ಧೂಳು ಉದುರುತ್ತಿತ್ತು. ನಡುನಡುವೆ ಇನ್ನೊಂದು ಸದ್ದೂ ಬರುತ್ತಿತ್ತು. ಏನೋ ಮೆತ್ತಗಿನದು ಗೋಡೆಗೆ ಬಿದ್ದ ಸದ್ದು, ಆಮೇಲೆ ದೊಡ್ಡೋನ ಹೆಂಡತಿಯ, ಅವಳ ಓರಗಿತ್ತಿಯ, ಸಣ್ಣ ನರಳಾಟ. ಹೊಲಿಗೆಯವಳು ಆಗ ಮಿಷನ್ನನ್ನು ಜೋರಾಗಿ ತುಳಿಯುತ್ತಿದ್ದಳು.

ಭಾನುವಾರ ಬೆಳಗ್ಗೆ ಚಾವಣಿಯಲ್ಲಿ ಒಂದು ಒದ್ದೆ ಕಲೆ ಕಾಣಿಸಿತು. ನೋಡನೋಡುತ್ತಿದ್ದಂತೆ ಅದು ಮೊರದಗಲವಾಯಿತು. ಹಲಗೆ ಬಸುರಿಯ ಹೊಟ್ಟೆಯ ಹಾಗೆ ಉಬ್ಬಿಕೊಂಡಿತು. "ಅಯ್ಯೋ, ನೀರು ಬಿಡ್ತಿದ್ದಾನೆ!" ಎಂದು ಅವಳು ಏಳುವಷ್ಟರಲ್ಲಿ ಇಡೀ ಚಾವಣಿ ಬಾಯಿಬಿಟ್ಟಿತು. ನೀರು ಕುಡಿದು ಹೆಣದಂತೆ ಭಾರವಾದ ಹಳದಿ ಉಣ್ಣೆ, ಹಲಗೆ, ಮೊಳೆ ಎಲ್ಲ ಒಟ್ಟಿಗೆ ಬಂದು ಬಿದ್ದವು. ಹಲಗೆಯ ಅಂಚು ಅವಳ ಹಣೆ ಸೀಳಿತು. ಮಿಷನ್ ಮಗುಚಿಕೊಂಡಿತು.

ಗಂಡ ಅವಳನ್ನು ಎಬ್ಬಿಸಿದ. ಅವಳ ಹಣೆಯ ರಕ್ತ ನೋಡಿದ, ತನ್ನ ಕೈಗೆ ಹತ್ತಿದ ರಕ್ತ ನೋಡಿದ. ಚಕ್ರ ಬಿಚ್ಚುವ ಕಬ್ಬಿಣದ ಪಾನಾ ತೆಗೆದುಕೊಂಡು ಮೆಟ್ಟಿಲು ಹತ್ತಿದ.

"ರೀ, ಬೇಡ!" ಎನ್ನುತ್ತ ಅವಳೂ ಓಡಿದಳು. ಬಟ್ಟೆ ಕತ್ತರಿಸುತ್ತಿದ್ದ ಕತ್ತರಿ ಇನ್ನೂ ಕೈಯಲ್ಲೇ ಇದೆ ಎಂಬ ಪರಿವೆ ಅವಳಿಗಿರಲಿಲ್ಲ.

ಮೇಲೆ ಪಾದ ಮುಳುಗುವಷ್ಟು ನೀರು. ನಡುವೆ ಪೈಪು ಹಿಡಿದು ದೊಡ್ಡೋನು ನಿಂತಿದ್ದ. ಬಾಯಿಂದ ಹೊಗೆಯಂತೆ ಉಸಿರು ಬರುತ್ತಿತ್ತು. ಗಂಡ ಬೀಸಿದ ಮೊದಲ ಏಟು ಅವನ ಭುಜಕ್ಕೆ ತಗುಲಿತು. ಎರಡನೆಯದಕ್ಕೆ ಅವಕಾಶವಾಗಲಿಲ್ಲ. ದಿನಕ್ಕೆ ಇನ್ನೂರು ಮೂಟೆ ಎತ್ತುವ ಕೈಗಳು ತಮ್ಮನನ್ನು ಸೊಂಟ ಹಿಡಿದು ಎತ್ತಿ ನೀರಿಗೆ ಕುಕ್ಕಿದವು. ಪಾನಾ ದೂರ ಜಾರಿತು. ದೊಡ್ಡೋನು ತಮ್ಮನ ಎದೆಯ ಮೇಲೆ ಕೂತು, ಕಿವಿ ಹಿಡಿದು, ತಲೆಯನ್ನು ನೆಲಕ್ಕೆ ಕುಟ್ಟತೊಡಗಿದ. ಪ್ರತಿ ಏಟಿಗೂ ನೀರು ಚಿಮ್ಮುತ್ತಿತ್ತು. ನಾಲ್ಕನೆಯ ಏಟಿಗೆ ಅದು ಕೆಂಪಗಾಗಿತ್ತು.

"ಬಿಡಿ ಭಾವ! ಸತ್ತುಹೋಗ್ತಾರೆ!"

ಅವನು ಬಿಡಲಿಲ್ಲ. ಅವಳು ಕತ್ತರಿಯನ್ನು ಅವನ ತೋಳಿಗೆ ಇಳಿಸಿದಳು. ದಪ್ಪ ಕೋಟು, ಅದರ ಕೆಳಗಿನ ಕೋಟು, ಆಮೇಲೆ ಮಾಂಸ. ಒಂದೊಂದು ಪದರವೂ ಅವಳ ಮಣಿಕಟ್ಟಿಗೆ ಬೇರೆಬೇರೆಯಾಗಿ ತಿಳಿಯಿತು. ದೊಡ್ಡೋನು ಗೂಳಿಯ ಹಾಗೆ ಕೂಗಿ ತಿರುಗಿದ. ಅವಳ ಜಡೆ ಹಿಡಿದು ಎಳೆದು, ಮುಖವನ್ನು ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದ. ಬಾಯಿ ತುಂಬ ರಕ್ತ ಬಂತು. ಮತ್ತೊಮ್ಮೆ ಎಳೆದಾಗ ಅವಳು ಕಣ್ಣು ಮುಚ್ಚಿಕೊಂಡಳು.

ಆದರೆ ಜಡೆ ಹಿಡಿದ ಕೈ ಸಡಿಲವಾಯಿತು. ಒಣಕಟ್ಟಿಗೆ ಮುರಿದಂಥ ಶಬ್ದ. ಕಣ್ಣು ಬಿಟ್ಟರೆ, ಅಷ್ಟು ಹೊತ್ತು ಕಂಬಳಿ ಹೊದ್ದು ಗೋಡೆಗೆ ಅಂಟಿಕೊಂಡಿದ್ದ ಓರಗಿತ್ತಿ ಪಾನಾ ಹಿಡಿದು ನಿಂತಿದ್ದಳು. ದೊಡ್ಡೋನು ಮೊಣಕಾಲು ಹಿಡಿದು ನೀರಿನಲ್ಲಿ ಬಿದ್ದಿದ್ದ. ಓರಗಿತ್ತಿ ಅದೇ ಮೊಣಕಾಲಿಗೆ ಇನ್ನೊಂದು ಬಾರಿಸಿದಳು. ಆ ಎರಡನೆಯ ಏಟು ಬೇಕಿರಲಿಲ್ಲ. ಅದು ಇವತ್ತಿನ ಲೆಕ್ಕದ್ದಲ್ಲ.

ಆಮೇಲೆ ಅವಳು ಪಾನಾ ಕೆಳಗಿಟ್ಟು, ನಲ್ಲಿ ನಿಲ್ಲಿಸಿ ಬಂದಳು.

ಪೊಲೀಸರು ಆಸ್ಪತ್ರೆಗೇ ಬಂದು ಒಬ್ಬೊಬ್ಬರನ್ನೂ ಕೇಳಿದರು. "ನೆಲ ಒದ್ದೆ ಇತ್ತು, ಜಾರಿ ಬಿದ್ವಿ" ಎಂದಳು ಓರಗಿತ್ತಿ. ಹೊಲಿಗೆಯವಳೂ ಅದನ್ನೇ ಹೇಳಿದಳು. ಹೆಂಡತಿಯ ಕೈಲಿ ಹೊಡೆಸಿಕೊಂಡೆ ಎನ್ನಲು ನಾಲಿಗೆ ಏಳದ ದೊಡ್ಡೋನೂ ಗೋಡೆ ಕಡೆ ತಿರುಗಿ "ಬಿದ್ದೆ" ಎಂದ. "ಕತ್ತರಿ ಮೇಲೂ ಜಾರಿ ಬಿದ್ರಾ?" ಎಂದು ಪೊಲೀಸಿನವನು ಕೇಳಿ, ಉತ್ತರಕ್ಕೆ ಕಾಯದೆ ಪುಸ್ತಕ ಮುಚ್ಚಿದ.

ಗಂಡನ ಎಡಗಿವಿ ಶಾಶ್ವತವಾಗಿ ಕಿವುಡಾಯಿತು. ಹೊಲಿಗೆಯವಳ ಎರಡು ಹಲ್ಲು ಹೋದವು. ದೊಡ್ಡೋನ ಮೊಣಕಾಲು ಮತ್ತೆ ಮಡಚಲಿಲ್ಲ. ಮೆಟ್ಟಿಲು ಹತ್ತಲಾಗದ ಅವನನ್ನು ಉಗ್ರಾಣದವರು ಕಾವಲಿಗೆ ಹಾಕಿಕೊಂಡರು. ಗೇಟಿನ ಪಕ್ಕದ ತಗಡಿನ ಗೂಡಿನಲ್ಲೇ ಅವನ ವಾಸ.

ಒಂದು ಮಧ್ಯಾಹ್ನ ಅವಳು ಮೇಲೆ ಹೋದಳು. ಓರಗಿತ್ತಿ ಊದಿದ ಬೆರಳ ಗಂಟುಗಳನ್ನು ಕಂಕುಳಲ್ಲಿ ಅವುಚಿಕೊಂಡು ಕೂತಿದ್ದಳು. ಮೂಲೆಯಲ್ಲಿ ಹೀಟರ್ ಇತ್ತು, ಅದರ ವಯರು ಬುಡದಲ್ಲೇ ತುಂಡಾಗಿತ್ತು.

"ಮೊದಲನೇ ವರ್ಷವೇ ಕತ್ತರಿಸಿಟ್ರು, ನಾನು ಕದ್ದು ಹಾಕ್ಕೋತೀನಿ ಅಂತ" ಎಂದಳು ಓರಗಿತ್ತಿ.

ಹೊಲಿಗೆಯವಳು ಬಗ್ಗಿ ತುಂಡಾದ ವಯರನ್ನು ಕೈಗೆತ್ತಿಕೊಂಡಳು. "ಚಾವಣಿ ತುಂಬಿಸಿದ್ರೆ ಮೇಲೆ ನಿಮಗೆ ಚಳಿಯಾಗುತ್ತೆ ಅಂತ ನಂಗೆ ಗೊತ್ತಿತ್ತು ಅಕ್ಕ. ಗೊತ್ತಿದ್ದೇ ಮಾಡ್ಸಿದ್ದು."

"ನಿಂಗೆ ಇನ್ನೂ ಏನೇನೋ ಕೇಳಿಸ್ತಿತ್ತು" ಎಂದಳು ಓರಗಿತ್ತಿ, ದನಿ ಏರಿಸದೆ. "ಮಿಷನ್ ಸದ್ದು ನಂಗೂ ಕೇಳ್ತಿತ್ತು."

ಹೊಲಿಗೆಯವಳು ಹೀಟರನ್ನು ಎತ್ತಿಕೊಂಡು ರಿಪೇರಿ ಅಂಗಡಿಗೆ ನಡೆದಳು.

ಗಂಡ ಕೆಲಸ ಮುಗಿದ ಮೇಲೆ ಉಗ್ರಾಣದ ಕಡೆ ಹೋಗತೊಡಗಿದ್ದು ಅವಳಿಗೆ ತಡವಾಗಿ ತಿಳಿಯಿತು. ಅಣ್ಣನ ತಗಡಿನ ಗೂಡಿನ ಒಳಗೆ ಚಳಿ ತಡೆಯಲು ಅಂಟಿಸಲೆಂದು ಥರ್ಮಾಕೋಲ್ ಹಾಳೆಗಳನ್ನು ಹೊತ್ತು ಹೋಗುತ್ತಿದ್ದ. ಮೂರು ಸಲ ಅಣ್ಣ ಬಾಗಿಲು ತೆರೆಯಲಿಲ್ಲವೆಂದು ವಾಪಸು ಹೊತ್ತು ತಂದ.

ನಾಲ್ಕನೆಯ ಸಲ ಬರಿಗೈಯಲ್ಲಿ ಬಂದ. ತುಟಿ ಒಡೆದು ಗದ್ದದವರೆಗೆ ರಕ್ತ ಇಳಿದಿತ್ತು.

ಅವಳು ಅವನ ಬಲಗಿವಿಯ ಕಡೆ ಹೋಗಿ ಕೇಳಿದಳು. "ಏನಾಯ್ತ್ರೀ?"

"ಬಾಗಿಲು ತೆಗೆದ" ಎಂದ ಅವನು. ಅವನ ಮುಖದಲ್ಲಿ ಸಮಾಧಾನವಿತ್ತು.