ತಾಳಪ್ಪನ ಕಂಪ್ಯೂಟರ್

ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದು ತಾಳಪ್ಪನ ಸರ್ಕಾರಿ ಕೆಲಸ. ಊರಿನವರ ತಕ್ಕಡಿಯ ಮುಳ್ಳೆಲ್ಲ ಅವನ ಮುಂದೆ ನೆಟ್ಟಗೆ ನಿಲ್ಲುತ್ತಿತ್ತು. ಅವನ ತಲೆಯೊಳಗಿನ ಮುಳ್ಳು ಮಾತ್ರ ಒಂದು ದಿನವೂ ನಿಂತದ್ದನ್ನು ಹೆಂಡತಿ ಕಂಡಿರಲಿಲ್ಲ. ಕೊಡೆ ಕೊಳ್ಳಲು ಹೋದರೆ, ಮಳೆಗಾಲ ಮುಗಿದ ಮೇಲೆ ಬೆಲೆ ಇಳಿಯುತ್ತದೆಂದು ನೆನೆದುಕೊಂಡು ವಾಪಸ್ಸು ಬರುವ ಆಸಾಮಿ. ಫೋನಿರಲಿ, ಫ್ರಿಜ್ಜಿರಲಿ, ಯಾರು ಸಲಹೆ ಕೇಳಿದರೂ ಅವನ ಉತ್ತರ ಒಂದೇ, "ಸ್ವಲ್ಪ ತಾಳಿ." ಅದರ ಬೆನ್ನಿಗೇ "ತಾಳಿದವನು ಬಾಳಿಯಾನು" ಎಂಬ ಗಾದೆ. ಬೀದಿಯವರು ಅವನಿಗೆ ತಾಳಪ್ಪ ಎಂದೇ ಹೆಸರಿಟ್ಟಿದ್ದರು. ಹೆಂಡತಿಗೆ ಆ ಗಾದೆ ಕಟ್ಟಿದವನು ಕೈಗೆ ಸಿಕ್ಕರೆ ನಾಲ್ಕು ಬಿಗಿಯಬೇಕೆನಿಸುತ್ತಿತ್ತು.

ಅವಳು ಶಾಲೆಯ ವಿಜ್ಞಾನದ ಪುಸ್ತಕಗಳಿಗೆ ಮನೆಯಲ್ಲೇ ಕೂತು ಚಿತ್ರ ಬರೆಯುತ್ತಿದ್ದಳು. ಎಲೆಯ ಅಡ್ಡಸೀಳು, ಕಪ್ಪೆಯ ಕರುಳು, ಹಲ್ಲಿನ ಬೇರು, ಹೃದಯದ ಕೋಣೆಗಳು. ಎಷ್ಟೋ ಮಕ್ಕಳು ಅವಳು ಬರೆದ ಹೃದಯ ನೋಡಿಯೇ ಪರೀಕ್ಷೆ ದಾಟಿದ್ದರು. ಅದನ್ನು ಬರೆದವಳು ಯಾರೆಂದು ಮಾತ್ರ ಒಂದು ಪುಸ್ತಕದಲ್ಲೂ ಅಚ್ಚಾಗಿರಲಿಲ್ಲ.

ಬರೆಯುವುದು ಮೂಲೆಕೋಣೆಯ ಕಂಪ್ಯೂಟರಿನಲ್ಲಿ. ಒಳಗೆ ಗಾಳಿಯಾಡಲಿ ಎಂದು ಅದರ ಒಂದು ಪಕ್ಕದ ತಗಡನ್ನೇ ಕಳಚಿಟ್ಟಿದ್ದರು. ಎದುರಿಗೆ ಸ್ಟೂಲು, ಸ್ಟೂಲಿನ ಮೇಲೆ ಟೇಬಲ್ ಫ್ಯಾನು. ಬೇಸಗೆಯಲ್ಲಿ ಮನೆಯವರಿಗಿಲ್ಲದ ಗಾಳಿ ಅದಕ್ಕೆ. ಹೃದಯದ ಚಿತ್ರ ತೆರೆದರೆ ಮೊದಲು ಎಡಗಡೆಯದು ಕಾಣಿಸುತ್ತಿತ್ತು, ಅವಳು ಪಾತ್ರೆ ತೊಳೆದಿಟ್ಟು ಬರುವ ಹೊತ್ತಿಗೆ ಬಲಗಡೆಯದು. ಎಲ್ಲಕ್ಕಿಂತ ದೊಡ್ಡ ಕಟ್ಟಳೆಯೆಂದರೆ ಅದನ್ನು ಆಫ್ ಮಾಡುವಂತಿರಲಿಲ್ಲ. ಹಿಂದೊಮ್ಮೆ ಆಫ್ ಆದಾಗ ಮತ್ತೆ ಎಬ್ಬಿಸಲು ಒಂದಿಡೀ ಭಾನುವಾರ ಹಿಡಿದಿತ್ತು. ರಿಪೇರಿಯವನು, "ಇನ್ನೊಂದ್ ಸಲ ಆಫಾದ್ರೆ ಇದು ಏಳಲ್ಲ, ನನ್ನನ್ನ ಕರೀಲೂಬೇಡಿ" ಎಂದು ಕೈಮುಗಿದು ಹೋಗಿದ್ದ. ಅಂದಿನಿಂದ ಸ್ವಿಚ್ಚಿನ ಮೇಲೆ ಅಡ್ಡಕ್ಕೆ ಟೇಪು, ಟೇಪಿನ ಮೇಲೆ ತಾಳಪ್ಪನ ಗುಂಡಗಿನ ಅಕ್ಷರ: ಮುಟ್ಟಬೇಡಿ. ಹಗಲೂ ರಾತ್ರಿ ಅದು ಗುರ್ ಎನ್ನುತ್ತಲೇ ಇರುತ್ತಿತ್ತು. ನೆಂಟರ ಮದುವೆಗೆ ಮನೆಯವರೆಲ್ಲ ಹೊರಟಾಗ ಅವಳ ಅತ್ತೆಯನ್ನು ಅದರ ಕಾವಲಿಗೆ ಬಿಟ್ಟು ಹೋಗಿದ್ದರು. ಕರೆಂಟು ಹೋಗಿ ಅದಕ್ಕೆ ಜೋಡಿಸಿದ್ದ ಯುಪಿಎಸ್ ಬ್ಯಾಟರಿ ಡಬ್ಬಿ ಕೂಗಿದರೆ ಓಡಿ ನೋಡಲು ಒಬ್ಬರಾದರೂ ಬೇಡವೇ? ಹಸುಗೂಸಿರುವ ಮನೆಯಲ್ಲೂ ಇಷ್ಟು ಜಾಗರಣೆ ಇರಲಿಕ್ಕಿಲ್ಲ.

ಕೈಯಲ್ಲಿ ಕಾಸಿಲ್ಲವೆಂದು ಹೀಗೆ ನಡೆಯುತ್ತಿತ್ತೆಂದಲ್ಲ. ಹೊಸದು ಕೊಳ್ಳುವ ವಿಷಯ ತಾಳಪ್ಪನ ಸುಪರ್ದಿಗೆ ಹೋಗಿತ್ತು, ಅಷ್ಟೇ. ಯಂತ್ರಗಳ ಸಂಗತಿ ತನಗೆ ಗೊತ್ತಾಗುವುದಿಲ್ಲವೆಂದು ಅವಳೂ ಒಪ್ಪಿಕೊಂಡುಬಿಟ್ಟಿದ್ದಳು. ಅವನು ಸಂಜೆಯೆಲ್ಲ ಫೋನು ಮುಖಕ್ಕೆ ಹಿಡಿದು ಈ ಮಾಡೆಲ್ಲಿಗೂ ಆ ಮಾಡೆಲ್ಲಿಗೂ ತೂಗುತ್ತ, ಅಳೆದೂ ಸುರಿದೂ, ಕೊನೆಗೆ ಆಕಳಿಸಿ ಮಲಗುತ್ತಿದ್ದ. ಅವನ ಬಗ್ಗೆ ಅವಳಿಗೆ ಉಳಿದಿದ್ದ ಮರ್ಯಾದೆಗೆ ಆಧಾರವಾಗಿ ಇದ್ದದ್ದು ಒಂದೇ ಒಂದು ನೆನಪು. ಅವಳ ಅಪ್ಪನ ಕಾಳಿನ ಅಂಗಡಿಗೆ ತಕ್ಕಡಿ ನೋಡಲು ಬಂದವನು, ಮುದ್ರೆ ಒತ್ತಿದ ಮೇಲೂ ನೆಪ ಹುಡುಕಿಕೊಂಡು ಬರುತ್ತಿದ್ದ. ಮಾತಿಲ್ಲ, ಕತೆಯಿಲ್ಲ, ಟೀ ಕುಡಿದು, ಅವಳತ್ತ ಒಮ್ಮೆ ನೋಡಿ ಹೋಗುತ್ತಿದ್ದ. ಎರಡು ವರ್ಷ ಹಾಗೇ ನಡೆಯಿತು. ಪಾಪ, ನಾಚಿಕೆಯ ಪ್ರಾಣಿ ಎಂದು ಅವಳು ಕರಗಿದ್ದಳು. ನಡುವೆ ಹೆಣ್ಣು ಕೇಳಿಕೊಂಡು ಬಂದಿದ್ದ ಒಬ್ಬ ಮೇಷ್ಟರಿಗೆ ಬೇಡವೆಂದು ಹೇಳಿಸಿಬಿಟ್ಟಿದ್ದಳು. ಆಮೇಲೆ ಕಂಡ ಅವನ ಪೆದ್ದುತನವನ್ನೆಲ್ಲ ಅವಳು ಆ ನಾಚಿಕೆಯ ಮುಖ ನೋಡಿ ಸಹಿಸಿದ್ದಳು.

ಒಂದು ಶನಿವಾರ ಬೆಳಿಗ್ಗೆ ಹೊಸ ಪ್ರಕಾಶನದ ಸಂಪಾದಕಿಯ ಫೋನು ಬಂತು. ಅವರಿಗೆ ಮಾದರಿಗೆಂದು ಅವಳು ಕಿವಿಯ ಒಳಭಾಗದ ಚಿತ್ರ ಕಳಿಸಿದ್ದಳು.

"ಕಿವಿ ಚೆನ್ನಾಗಿದೆ ಅನ್ನೋಣ ಅಂದ್ರೆ ಅದು ನಮ್ಮಲ್ಲಿ ತೆರ್ಕೊಳ್ತಾನೇ ಇಲ್ವಲ್ಲ ಮೇಡಂ. ಯಾವ ಕಾಲದ ಪ್ರೋಗ್ರಾಮಲ್ಲಿ ಬರೀತೀರಿ ನೀವು? ಹೊಸದರಲ್ಲೇ ಬೇಕು ನಮಗೆ. ಇಡೀ ದೇಹದ ಮೇಲೆ ಪುಸ್ತಕಮಾಲೆ ಇದು, ಮುಖಪುಟದಲ್ಲಿ ನಿಮ್ಮ ಹೆಸರು ಹಾಕ್ತೀವಿ. ಈ ಕಿವೀನ ಸೋಮವಾರದೊಳಗೆ ಹೊಸದರಲ್ಲಿ ಬರೆದು ಕಳ್ಸಕ್ಕಾಗುತ್ತಾ ಹೇಳಿ. ಇಲ್ಲಾಂದ್ರೆ ಇನ್ನೊಬ್ಬರು ಕಾದು ಕೂತಿದಾರೆ."

ಹೊಸ ಪ್ರೋಗ್ರಾಮು ಈ ಮುದಿ ಯಂತ್ರದೊಳಗೆ ಕೂರುವುದಿಲ್ಲವೆಂಬುದು ಅವಳಿಗೂ ಗೊತ್ತಿತ್ತು. ಮುಖಪುಟದಲ್ಲಿ ಹೆಸರು ಎಂಬ ಮಾತೊಂದೇ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು.

"ಈಗ ತಗೊಳ್ಳೋದು ಶುದ್ಧ ದಡ್ಡತನ ಕಣೇ," ಎಂದ ತಾಳಪ್ಪ, ತುತ್ತು ಬಾಯಲ್ಲಿಟ್ಟುಕೊಂಡೇ. "ಹೊಸ ಚಿಪ್ ಬರ್ತಿದೆ."

"ಹೋದ ವರ್ಷವೂ ಬರ್ತಿತ್ತಲ್ರೀ?"

"ಬಂತಲ್ಲ. ಮೊದಮೊದಲು ಬಂದದ್ರಲ್ಲಿ ದೋಷ ಇರುತ್ತೆ, ಸರಿಹೋಗ್ಲಿ ಅಂತ ತಾಳಿದೆ. ಸರಿಹೋಗೋ ಹೊತ್ತಿಗೆ ಅದೇ ಹಳೇದಾಯ್ತು. ಬುದ್ಧಿ ಇರೋರು ಯಾರಾದ್ರೂ ಹಳೇ ಮಾಲು ತಗೋತಾರಾ?"

ಇಂಥ ತರ್ಕಕ್ಕೆ ಬಾಗಿಲೂ ಇಲ್ಲ, ಕಿಟಕಿಯೂ ಇಲ್ಲ. ಅತ್ತೆ ತಟ್ಟೆಯಿಂದ ತಲೆಯೆತ್ತದೆ, "ಹುಟ್ಟೋವಾಗ್ಲೂ ಹಿಂಗೇ ಮಾಡ್ದ. ದಿನ ತುಂಬಿದ್ ಮೇಲೂ ಬರಲೇ ಇಲ್ಲ, ಡಾಕ್ಟ್ರು ಎಳೆದು ಹಾಕ್ಬೇಕಾಯ್ತು" ಎಂದರು.

"ಸೋಮವಾರ ದಾಟಿದ್ರೆ ಕೆಲಸ ಕೈಬಿಟ್ಟು ಹೋಗುತ್ತೆ ರೀ. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಹೆಸರು ಹಾಕ್ತೀವಿ ಅಂತಿದಾರೆ."

"ಹೋದ್ರೆ ಹೋಗ್ಲಿ ಬಿಡು. ಅದಕ್ಕಿಂತ ಒಳ್ಳೇದು ಬರುತ್ತೆ." ಅವಳ ಮುಖ ನೋಡಿ, ಸಮಾಧಾನ ಹೇಳಬೇಕೆಂದು ಅವನಿಗೂ ಅನ್ನಿಸಿರಬೇಕು. ದನಿ ಮೆತ್ತಗೆ ಮಾಡಿಕೊಂಡ. "ನಿನ್ನ ವಿಷಯಾನೇ ತಗೋ. ಅಂಗಡೀಲಿ ನೋಡಿದ ದಿನವೇ ನೀನು ಪರವಾಗಿಲ್ಲ ಅನ್ನಿಸಿತ್ತು. ಆದ್ರೂ ಅವಸರ ಬಿದ್ನಾ? ಇದಕ್ಕಿಂತ ಒಳ್ಳೇದು ಬರಬಹುದು ಅಂತ ಎರಡು ವರ್ಷ ತಾಳಿದೆ. ಇನ್ನೂ ಮೂರು ಕಡೆ ನೋಡ್ದೆ. ಯಾವುದೂ ಬರಲಿಲ್ಲ, ಆಮೇಲೆ ನಿನ್ನನ್ನೇ ಮಾಡ್ಕೊಂಡೆ. ಈಗ ಹೇಳು, ತಾಳಿದ್ದಕ್ಕೆ ನಷ್ಟ ಏನಾಯ್ತು?"

ಹೊಗಳಿದ ಸಂತೋಷದಲ್ಲಿ ಇನ್ನೊಂದು ತುತ್ತು ಕಲಸಿದ.

ಅವಳಿಗೆ ತಟ್ಟನೆ ಅಪ್ಪನ ಅಂಗಡಿಯ ಕಟ್ಟೆ ಕಣ್ಣಿಗೆ ಬಂತು. ಟೀ ಲೋಟ ಹಿಡಿದು ಕೂತಿದ್ದ ಆ ನಾಚಿಕೆಯ ಮುಖ ನಾಚಿಕೆಯದಾಗಿರಲಿಲ್ಲ. ಮುಳ್ಳು ಎತ್ತ ವಾಲುತ್ತದೆಂದು ನೋಡುತ್ತಿದ್ದ ಮುಖ ಅದು, ಮೇಲೊಂದು ಪುಕ್ಕಟೆ ಟೀ ಬೇರೆ. ಅದನ್ನು ನೋಡಿ ಕರಗಿದ್ದ ತನ್ನ ಬಗ್ಗೆ ಅವಳಿಗೆ ಅವನ ಮೇಲಿನದಕ್ಕಿಂತ ಹೆಚ್ಚು ಹೇಸಿಗೆಯಾಯಿತು. ಕೈ ತೊಳೆದು ಮೂಲೆಕೋಣೆಗೆ ನಡೆದಳು.

ಈ ಯಂತ್ರವನ್ನು ನಂಬದೆ ಅವಳು ಚಿತ್ರಗಳನ್ನೆಲ್ಲ ಪೆನ್‌ಡ್ರೈವಿಗೆ ತುಂಬಿಟ್ಟುಕೊಳ್ಳುವುದು ರೂಢಿ. ಅದನ್ನು ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಉಗುರಿನಿಂದ ಟೇಪು ಕೆರೆದಳು. ವರ್ಷಗಳ ಟೇಪು, ಸುಲಭಕ್ಕೆ ಬರಲಿಲ್ಲ.

"ಏನ್ ಮಾಡ್ತಿದೀಯ? ಏಯ್, ಅದನ್ನ ಮುಟ್ಬೇಡ!" ತಾಳಪ್ಪ ಎಂಜಲು ಕೈಯಲ್ಲೇ ಓಡಿ ಬಂದ. ಜೀವಮಾನದಲ್ಲಿ ಅವನು ಅವಸರಪಟ್ಟದ್ದು ಅದೇ ಮೊದಲಿರಬೇಕು. "ಆಫಾದ್ರೆ ಮತ್ತೆ ಏಳಲ್ಲ ಕಣೇ ಅದು!"

"ಗೊತ್ತು," ಎಂದು ಅವಳು ಸ್ವಿಚ್ ಒತ್ತಿದಳು.

ಗುರ್ ಎನ್ನುವುದು ನಿಂತಿತು. ಮನೆ ಇಷ್ಟು ಸದ್ದಿಲ್ಲದೆ ಇರಬಲ್ಲದೆಂಬುದು ಅವರಿಗೆ ಮರೆತೇ ಹೋಗಿತ್ತು. ಊಟದ ಕೋಣೆಯಿಂದ ಅತ್ತೆ, "ಅಬ್ಬ, ಸದ್ಯ!" ಎಂದದ್ದು ಸ್ಪಷ್ಟವಾಗಿ ಕೇಳಿಸಿತು.

ಆ ಸಂಜೆಯೇ ಕಂಪ್ಯೂಟರ್ ಅಂಗಡಿಗೆ ಅವಳು ಮುಂದೆ, ತಾಳಪ್ಪ ಫೋನಿನಲ್ಲಿ ಏನೋ ತಡಕಾಡುತ್ತ ಹಿಂದೆ. ತನ್ನ ಕೆಲಸ ಏನೆಂದು ಅವಳು ಹೇಳಿದಳು, ಯಾವುದಕ್ಕೆ ಯಾವುದು ಬೇಕೆಂದು ಅಂಗಡಿಯವನು ತೋರಿಸಿದ. ಇಷ್ಟೇನಾ ಈ ಮಹಾವಿದ್ಯೆ ಎಂದು ಅವಳಿಗೆ ನಗು ಬಂತು. ಇನ್ನೇನು ಕಟ್ಟಿಸಬೇಕು, ಅಷ್ಟರಲ್ಲಿ ಅಂಗಡಿಯವನು ಒಳ್ಳೆಯ ಮನಸ್ಸಿನಿಂದಲೇ, "ಅರ್ಜೆಂಟ್ ಇಲ್ಲಾಂದ್ರೆ ಸ್ವಲ್ಪ ತಡೀರಿ ಮೇಡಂ, ಮುಂದಿನ ತಿಂಗಳು ಹೊಸ ಮಾಡೆಲ್ ಬರ್ತಿದೆ" ಎಂದ.

ತಾಳಪ್ಪನ ಮುಖ ಅರಳಿತು. "ನಾನು ಹೇಳ್ಲಿಲ್ವಾ?"

"ಇದನ್ನೇ ಕಟ್ಟಿ," ಎಂದಳು ಅವಳು. "ಹೊಸದು ಬಂದ್ರೆ ಇವ್ರಿಗೆ ತೋರ್ಸಿ. ನೋಡ್ಕೊಂಡು ಹೋಗ್ತಾರೆ, ಅಭ್ಯಾಸ ಇದೆ."

ಮನೆಯಲ್ಲಿ ಹೊಸದನ್ನು ಹೂಡಿ, ಹಳೆಯ ಪ್ರೋಗ್ರಾಮನ್ನೂ ಹೊಸ ಪ್ರೋಗ್ರಾಮನ್ನೂ ತುಂಬಿಸಿಕೊಂಡು, ಪೆನ್‌ಡ್ರೈವಿನಿಂದ ಹೃದಯದ ಚಿತ್ರ ತೆರೆದಳು. ತೆರೆದವಳೇ ಹಳೆಯ ಚಾಳಿಯಂತೆ ಪಾತ್ರೆ ತೊಳೆಯಲೆಂದು ಎದ್ದಳು. ತಿರುಗಿ ನೋಡಿದರೆ ಎಡವೂ ಬಲವೂ ಆಗಲೇ ಬಂದು ಕೂತಿದ್ದವು. ಮತ್ತೆ ಕೂತಳು.

ತಾಳಪ್ಪ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದ. ಮಧ್ಯಾಹ್ನ ತಾನು ಆಡಿದ್ದು ಹೊಗಳಿಕೆಯಾಗಿರಲಿಲ್ಲವೆಂದು ಅಷ್ಟು ಹೊತ್ತಿಗೆ ಅವನ ಮಂಡೆಗೂ ಇಳಿದಿತ್ತು.

"ಬೇಜಾರಾಯ್ತಾ? ಬಾಯಿ ತಪ್ಪಿ ಬಂತು ಕಣೇ. ನನ್ನ ಮೇಲೆ ಕೋಪ ಇದೆಯಾ ಇಲ್ವಾ, ಅಷ್ಟಾದ್ರೂ ಹೇಳು."

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಅವಸರ ಏನಿದೆ? ಎರಡು ವರ್ಷ ನಾನೂ ತೂಗಿ ನೋಡ್ತೀನಿ. ನಿಮಗಿಂತ ಒಳ್ಳೇದು ಬರದಿದ್ರೆ ಆಮೇಲೆ ಹೇಳ್ತೀನಿ."

ನಗುತ್ತಾಳೇನೋ ಎಂದು ಅವನು ಅವಳ ಮುಖವನ್ನೇ ನೋಡಿದ. ನಗಲಿಲ್ಲ. ಹೊಸ ಯಂತ್ರಕ್ಕೆ ಬೇಡವಾಗಿದ್ದ ಫ್ಯಾನನ್ನು ಸ್ಟೂಲಿನಿಂದ ಕೆಳಗಿಳಿಸಿ, ಅದರ ಜಾಗದಲ್ಲಿ ತಾನು ಕೂತ. ಅವಳು ಕಿವಿಯ ಚಿತ್ರ ತೆರೆದು, ಸೋಮವಾರಕ್ಕೆ ಮುಗಿಯಬೇಕಲ್ಲ ಎಂದು ಕೆಲಸಕ್ಕೆ ತೊಡಗಿದಳು.