ಚಿಗರಿಗೆಂದು ಕೊಟ್ಟ ಮಡ್ಡಿ

ಐನಾಪುರದ ಗುರುಲಿಂಗಮ್ಮನಿಗೆ ಹುಲ್ಲಿನ ಹುಚ್ಚು. ತನ್ನ ಪಾಲಿಗೆ ಬಂದ ಮಡ್ಡಿ ನೆಲಕ್ಕೆ ಆಕೆ ನೇಗಿಲು ತಾಗಿಸಲಿಲ್ಲ, ಬೀಳು ಬಿಟ್ಟಳು. ಮೊಣಕಾಲುದ್ದ ಹುಲ್ಲು ಬೆಳೆಯಿತು, ಹುಲ್ಲಿಗೆ ಚಿಗರಿ ಬಂದವು. ಆ ಜಿಂಕೆಗಳು ಮೇಯುವುದನ್ನು ಬದುವಿನ ಮೇಲೆ ಕುಳಿತು ನೋಡುವುದೇ ಆಕೆಗೆ ಹಬ್ಬ. ಮರವಿಲ್ಲದ ಬಯಲಲ್ಲೇ ಚಿಗರಿಗೆ ಧೈರ್ಯ. ನಾಯಿ, ತೋಳ ದೂರದಿಂದಲೇ ಕಣ್ಣಿಗೆ ಬೀಳುತ್ತವೆ. ತೊಗರಿ ಬಿಟ್ಟು ಹುಲ್ಲು ಬೆಳೆಸುವ ಮುದುಕಿಯನ್ನು ಎಲ್ಲಾದರೂ ಕಂಡಿದ್ದೀರಾ ಎಂದು ಊರು ನಕ್ಕಿತು.

ತಾನು ಕಾಲವಾದ ಮೇಲೆ ಯಾರಾದರೂ ಉತ್ತೇಬಿಡುತ್ತಾರೆ ಎಂಬ ಹೆದರಿಕೆ ಆಕೆಗೆ. ಅದಕ್ಕೇ ಚಿಂಚೋಳಿಯಲ್ಲಿ ವನ್ಯಜೀವಿ ಸಂಘ ನಡೆಸುವ ರಾಜರತ್ನನಿಗೆ ಆ ನೆಲವನ್ನೇ ಕೊಟ್ಟುಬಿಟ್ಟಳು. ದಾನವೆಂದಲ್ಲ, ದಾಸೋಹವೆಂದು. ದಾಸೋಹಕ್ಕೆ ಷರತ್ತು ಹಾಕಬಾರದು, ಕೊಟ್ಟವರು ಆಮೇಲೆ ಹಕ್ಕಿನ ಮಾತು ಆಡಬಾರದು. ಆಕೆ ಬೆಳೆದ ಮನೆಯ ನಡೆ ಅದು. ಹುಲ್ಲು ಹಾಗೇ ಇರಲಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಚಿಗರಿ ಉಳಿಸುವವರಿಗೆ ಹುಲ್ಲು ಉಳಿಸಿ ಎಂದು ಬೇರೆ ಹೇಳಬೇಕೆ?

ಹೇಳಬೇಕಿತ್ತು. ಮೃಗಶಿರ ಮಳೆ ಬಿದ್ದ ಮೇಲೆ ಹೋಗಿ ನೋಡಿದರೆ ಮಡ್ಡಿಯ ತುಂಬ ಕುಣಿ, ಕುಣಿಗೊಂದು ಬೇವಿನ ಸಸಿ, ಸುತ್ತ ಮುಳ್ಳುತಂತಿ. ಚಿಗರಿಗಳು ತಂತಿಯ ಆಚೆ ನಿಂತಿದ್ದವು.

ರಾಜರತ್ನ ಕೆಟ್ಟವನಲ್ಲ. ಪ್ರಾಣಿ ಉಳಿಯಬೇಕಾದರೆ ಗಿಡ ನೆಡಬೇಕು ಎಂದು ನಂಬಿದವನು.

“ಅವ್ವಾರ, ನಿಮ್ಮ ಹೆಸರಿಲೆ ಅಡವಿ ಮಾಡಾಕತ್ತೀವಿ ನೋಡ್ರಿ,” ಎಂದ ಸಂಭ್ರಮದಿಂದ.

“ತಮ್ಮಾ, ಚಿಗರಿ ಗಿಡದಾಗ ಇರಂಗಿಲ್ಲೋ. ಅವಕ್ಕ ಬಯಲು ಬೇಕು.”

ಗಿಡ ದೊಡ್ಡವಾಗಲಿ, ತಾವೇ ಬರುತ್ತವೆ ಎಂದು ಸಮಾಧಾನ ಹೇಳಿದ. ಕಿತ್ತು ಹಾಕು ಎನ್ನಬೇಕೆನಿಸಿತು, ಆದರೆ ಅದು ಹಕ್ಕಿನ ಮಾತಾಗುತ್ತದೆ. ಕೊಟ್ಟದ್ದು ಕೊಟ್ಟದ್ದೇ. ತುಂಬಿದ ತಂಬಿಗೆಯನ್ನು ಅವನು ಕೈಗಿಟ್ಟಾಗ ಸಸಿಗೆ ನೀರನ್ನೂ ಹಾಕಿದಳು. ಸಂಘದವರು ಫೋಟೋ ತೆಗೆದರು, ಚಪ್ಪಾಳೆ ತಟ್ಟಿದರು. ಕೆಟ್ಟವರನ್ನು ಬೈದು ಹಗುರಾಗಬಹುದು. ಇಂಥ ಒಳ್ಳೆಯವರನ್ನು ಏನು ಮಾಡುವುದು?

ಮನೆಗೆ ಬಂದವಳೇ ಸ್ನಾನ ಮಾಡಿ ಅಂಗೈಯಲ್ಲಿ ಲಿಂಗ ಹಿಡಿದು ಕುಳಿತಳು. ಹೊರಗೆ ಊರೆಲ್ಲ ತೊಗರಿ ಬಿತ್ತಿ ಮುಗಿಲು ನೋಡುತ್ತಿತ್ತು.

“ಈ ವರ್ಷ ಮಳಿ ಬ್ಯಾಡೋ ನನ್ನಪ್ಪ,” ಎಂದು ಬೇಡಿಕೊಂಡಳು.

ಬೇಡಿದ ಮೇಲೆ ನಾಚಿಕೆಯಿಂದ ಬಹಳ ಹೊತ್ತು ಕಣ್ಣು ತೆರೆಯಲಿಲ್ಲ.

ಆ ವರ್ಷ ಮಳೆ ಚೆನ್ನಾಗಿ ಬಂತು. ಸಸಿ ಒಂದೂ ಸಾಯಲಿಲ್ಲ.