ಗೋಡೆಯ ಹೊರಗಿನ ಎಂಟನೆಯ ದಿನ

ಓತಿಕ್ಯಾತವೊಂದು ಗೋಡೆ ಹತ್ತಿ ಆಚೆ ಇಳಿಯಿತು, ಮತ್ತೆ ಈಚೆ ಬಂತು, ಅದನ್ನು ಕೇಳುವವರಿಲ್ಲ, ಆಚೆ ಗೋರಿಗಳು, ಈಚೆ ನಾನು, ನನ್ನ ಕಾಲ ಬಳಿ ನನ್ನ ಕೂಸಿನ ಮೇಲೆ ಒಟ್ಟಿದ ಕಲ್ಲು — ಬಿಸಿಲು ಏರುತ್ತಿದೆ, ಚರ್ಚಿನ ಗಂಟೆ ಬಾರಿಸಲಿಲ್ಲ, ಇಂದು ಎಂಟನೆಯ ದಿನ, ಸಕಲ ಸಂತರ ಹಬ್ಬ ನವೆಂಬರ್ ಒಂದಕ್ಕೆ, ಸತ್ತವರ ಹಬ್ಬ ಎರಡಕ್ಕೆ, ಆವತ್ತು ಸ್ವಾಮಿಗಳು ಗೋಡೆಯೊಳಗಿನ ಗೋರಿಗಳಿಗೆ ತೀರ್ಥ ಚಿಮುಕಿಸುತ್ತಾರೆ, ಎಂಟಕ್ಕೆ ಗೋಡೆಯ ಹೊರಗೆ ಸುತ್ತು ಬರುತ್ತಾರೆ, ಹೊಲದ ತೀರ್ಥ ಎಂದು ಅದರ ಹೆಸರು, ಜೋಳಕ್ಕೆ ಚಿಮುಕಿಸಿದ ಹನಿ ಜ್ಞಾನಸ್ನಾನವಿಲ್ಲದೆ ಸತ್ತು ಗೋಡೆಯೊಳಗೆ ಜಾಗ ಸಿಗದ ಕೂಸುಗಳ ಕಲ್ಲಿಗೂ ಬೀಳುತ್ತದೆ, ತಾಯಂದಿರು ಸೆರಗು ಹೊದ್ದು ಜೋಳ ನೋಡುವವರ ಹಾಗೆ ನಿಲ್ಲುತ್ತಾರೆ, ಯಾರೂ ಬಾಯಿ ಬಿಡುವುದಿಲ್ಲ, ಸ್ವಾಮಿಗಳೂ ಬಿಡುವುದಿಲ್ಲ, ಶ್ರಾವಣದಿಂದ ನಾನು ಆ ಒಂದು ಹನಿಗಾಗಿ ಕಾದಿದ್ದೇನೆ — ಕೂಸು ಹುಟ್ಟಿದ ದಿನ ತಂಬಿಗೆ ತುಂಬ ನೀರು ಅವನ ನೆತ್ತಿಯಿಂದ ಬಚ್ಚಲಿಗೆ ಹೋಗಿತ್ತು — ಹೋದ ಭಾನುವಾರ ಸ್ವಾಮಿಗಳು ಹೇಳಿಬಿಟ್ಟರು, ಈ ವರ್ಷದಿಂದ ಸಂತರ ಹಬ್ಬಕ್ಕೆ ಎಂಟು ದಿನದ ಆಚರಣೆ ಇಲ್ಲ, ರೋಮಾಪುರಿಯಿಂದ ಅಪ್ಪಣೆಯಾಗಿದೆ, ಪಂಚಾಂಗ ಹಗುರಾಗಿದೆ — ಹಗುರಾಯಿತಂತೆ, ಯಾರಿಗೆ? ನನ್ನ ಗಂಡ ಶೌರಪ್ಪ ತಡೆದ, ಕೇಳಬ್ಯಾಡಬೇ, ಕೇಳಿದ್ರ ಅವ್ರು ಇಲ್ಲ ಅನ್ನಬೇಕಾಗತೈತಿ, ಆದರೂ ಹೋದೆ, ಹೊಲದ ಹೆಸರಿನಲ್ಲಾದರೂ ಬನ್ನಿ ಎಂದೆ, ಅಷ್ಟಕ್ಕೆ ನಿಲ್ಲಿಸದೆ ಕೂಸಿನ ಮಾತು ಎತ್ತಿಬಿಟ್ಟೆ, ಅಲ್ಲಿಗೆ ಮುಗಿಯಿತು, ಸ್ವಾಮಿಗಳು ಕಣ್ಣು ತಗ್ಗಿಸಿ ಅಂದರು, ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವ ದಿನ ಅದೊಂದೇ ಇತ್ತಮ್ಮ, ಅದೂ ಹೋಯಿತು. ಒಂದನೆಯ ತಾರೀಖು ಲಿಂಗಸುಗೂರಿನಲ್ಲಿ ಬಾವುಟ ಏರಿಸಿ, ಇನ್ನು ನೀವು ಹೈದರಾಬಾದಿನವರಲ್ಲ, ಮೈಸೂರಿನವರು ಎಂದರು, ಕೂತಲ್ಲೇ ಕೂತು ಇಡೀ ತಾಲ್ಲೂಕು ರಾಜ್ಯದ ಹದ್ದು ದಾಟಿತು, ನನ್ನ ಮಗ ಒಂದು ಗೋಡೆ ದಾಟಲಾರ.

ಇಮಾಮ್‌ಬೀ ಬರುತ್ತಿದ್ದಾಳೆ, ಸೂಲಗಿತ್ತಿ, ಕಂಕುಳಲ್ಲಿ ಕೊಡ, ನನ್ನನ್ನು ನೋಡಿ ನಿಂತಳು, ಹುಟ್ಟಿದ ಕೂಸಿಗೆ ನೀರೆರೆದವಳು ಅವಳೇ, ಕೂಸು ಉಳಿಯುವಂತಿರಲಿಲ್ಲ, ಶೌರಪ್ಪ ಸ್ವಾಮಿಗಳನ್ನು ಕರೆತರಲು ಮಸ್ಕಿಗೆ ಓಡಿದ್ದ, ಕೂಸು ಒಮ್ಮೆ ಅತ್ತಿತು, ಇವಳು ಕಾಲ ಮೇಲೆ ಮಲಗಿಸಿಕೊಂಡು ತಂಬಿಗೆ ಎತ್ತಿ ನೆತ್ತಿಗೆ ಬಿಸಿನೀರು — ಸ್ವಾಮಿಗಳು ಬರುವಷ್ಟರಲ್ಲಿ ಜೀವ ಹೋಗಿತ್ತು, ಆಮೇಲೆ ಅವರೇ ಹೇಳಿದರು, ಜೀವ ಹೋಗುವ ಹೊತ್ತಿಗೆ ಯಾರು ಎರೆದರೂ ನಡೆಯುತ್ತಿತ್ತು, ಆ ಸೂಲಗಿತ್ತಿಯೇ ಎರೆಯುತ್ತ ಜ್ಞಾನಸ್ನಾನದ ನಾಲ್ಕು ಮಾತು ಹೇಳಿದ್ದರೂ ಸಾಕಿತ್ತು — ಇದನ್ನು ಹೆಂಗಸರಿಗೆ ಮೊದಲೇ ಹೇಳಲು ಯಾವ ಹಬ್ಬ ಬರಬೇಕಿತ್ತು, ಹುಟ್ಟಿದಾಗಿನಿಂದ ಭಾನುವಾರ ತಪ್ಪಿಸಿದವಳಲ್ಲ ನಾನು, ಸಿಟ್ಟು ಬರುತ್ತದೆ, ಸ್ವಾಮಿಗಳ ಮೇಲೂ, ಪಂಚಾಂಗದ ಮೇಲೂ — ಗ್ಯಾನಮ್ಮ, ಅನ್ನುತ್ತಾಳೆ ಕೊಡ ಇಳಿಸಿ, ಆ ಮಾತು ಈಗ ನೀ ಹೇಳವ್ವ, ನಾ ಎರಿತೀನಿ — ಸತ್ತ ಮೇಲೆ ನೀರು ಬರೀ ನೀರು ಎಂದು ಅವಳಿಗೆ ಹೇಗೆ ಹೇಳಲಿ, ತಲೆ ಆಡಿಸಿದೆ, ಹೌದೆಂದೋ ಅಲ್ಲವೆಂದೋ ನನಗೇ ತಿಳಿಯದು, ಅವಳು ಎರೆದಳು, ಕಲ್ಲು ಕಪ್ಪಾಯಿತು, ಮಣ್ಣು ಕುಡಿಯಿತು, ಕಲ್ಲು ಒಣಗಿತು, ಆ ನಾಲ್ಕು ಮಾತು ಈಗ ಬಾಯಲ್ಲಿ ಸಲೀಸಾಗಿ ಬರುತ್ತಿವೆ, ಆವತ್ತು ಅವಳ ಕಾಲ ಮೇಲೆ ಅವನಿಗೆ ಜೀವವಿತ್ತು, ಕಣ್ಣು ಬಿಟ್ಟಿದ್ದ, ನೀರು ನೆತ್ತಿಯ ಕೂದಲಿನಿಂದ ಇಳಿದು, ಕಿವಿಯ ಹಿಂದೆ, ಹೆಗಲಿಗೆ, ಬಚ್ಚಲಿಗೆ — ತಂಬಿಗೆ ತುಂಬ ನೀರು, ಜೀವವಿದ್ದ ನೆತ್ತಿಯ ಮೇಲೆ — ನೆತ್ತಿಯಿಂದ ಬಚ್ಚಲಿಗೆ.